ಲೂಯಿಸ್ ಫ್ರೈ ರಿಚರ್ಡ್‌ಸನ್

ಬಸವಕಲ್ಯಾಣಕ್ಕೂ ಹುಮನಾಬಾದಿಗೂ ನಡುವಣ ನೇರ ದೂರ ಸುಮಾರು 20 ಕಿಲೋಮೀಟರು. ಆದರೂ ಮೃಗಶಿರ ಮಳೆಯ ಕಾಲದಲ್ಲಿ ಒಂದೂರಿನ ಹೊಲಗಳು ತೊಯ್ದು ತೊಗರಿ, ಉದ್ದುಗಳ ಬಿತ್ತನೆ ಸಾಗಿರುವಾಗ, ಇನ್ನೊಂದೂರಿನ ರೈತನು ಮುಗಿಲನ್ನು ನೋಡುತ್ತ ಕುಳಿತಿರುವುದುಂಟು. ನಾಳಿನ ಮಳೆಯನ್ನು ಇಂದೇ ಲೆಕ್ಕ ಹಾಕಿ ತಿಳಿಯಬಹುದೆ? ಈ ಪ್ರಶ್ನೆಗೆ ಗಣಿತದಿಂದ ಉತ್ತರ ಹುಡುಕಲು ಹೊರಟ ಮೊದಲಿಗರಲ್ಲಿ ರಿಚರ್ಡ್‌ಸನ್ ಒಬ್ಬರು.

ಅವರು 1881ರ ಅಕ್ಟೋಬರ್ 11ರಂದು ಇಂಗ್ಲೆಂಡಿನ ನ್ಯೂಕ್ಯಾಸಲ್ ನಗರದಲ್ಲಿ, ಯುದ್ಧವನ್ನು ಒಪ್ಪದ ಕ್ವೇಕರ್ ಪಂಥದ ಮನೆತನದಲ್ಲಿ ಜನಿಸಿದರು. ಕೇಂಬ್ರಿಜ್‌ನಲ್ಲಿ ವ್ಯಾಸಂಗ ಮಾಡಿ, 1913ರಲ್ಲಿ ಸ್ಕಾಟ್ಲೆಂಡಿನ ಎಸ್ಕ್‌ಡೇಲ್‌ಮ್ಯೂರ್ ವೀಕ್ಷಣಾಲಯದ ಮೇಲ್ವಿಚಾರಕರಾದರು. ಭೂಪಟದ ಮೇಲೆ ಚದುರಂಗದ ಹಾಸಿನಂತೆ ಚೌಕಗಳನ್ನು ಎಳೆಯುವುದು. ಪ್ರತಿ ಚೌಕದ ಮೇಲಿನ ವಾಯುವನ್ನು ಐದು ಪದರಗಳಾಗಿ ವಿಂಗಡಿಸುವುದು. ಗಾಳಿ, ಒತ್ತಡ, ಉಷ್ಣತೆ, ತೇವಗಳನ್ನು ಅಂಕಿಗಳಲ್ಲಿ ಬರೆದು, ನೆರೆಯ ಚೌಕಗಳೊಡನೆ ಹೋಲಿಸಿ, ಭೌತಶಾಸ್ತ್ರದ ನಿಯಮಗಳಂತೆ ಮುಂದಿನ ಅಂಕಿಗಳನ್ನು ಪಡೆಯುವುದು. ಇದು ಅವರ ವಿಧಾನವಾಗಿತ್ತು.

ಆ ವೇಳೆಗೆ ಮೊದಲ ಮಹಾಯುದ್ಧ ಭುಗಿಲೆದ್ದಿತ್ತು. ಶಸ್ತ್ರ ಹಿಡಿಯಲೊಲ್ಲದ ರಿಚರ್ಡ್‌ಸನ್ನರು 1916ರಲ್ಲಿ ಕೆಲಸ ಬಿಟ್ಟು, ಫ್ರಾನ್ಸಿನ ರಣಭೂಮಿಯಲ್ಲಿ ಗಾಯಾಳುಗಳನ್ನು ಸಾಗಿಸುವ ಸೇವೆಗೆ ಸೇರಿದರು. ಬಿಡುವಿನಲ್ಲಿ ಹುಲ್ಲಿನ ರಾಶಿಯ ಮೇಲೆ ಕುಳಿತು, 1910ರ ಮೇ 20ರ ಹವೆಯ ಅಂಕಿಗಳಿಂದ ಕೇವಲ ಆರು ಗಂಟೆಗಳ ಬದಲಾವಣೆಯನ್ನು ಲೆಕ್ಕ ಹಾಕಿದರು. ಅದಕ್ಕೆ ಹಿಡಿದ ಕಾಲ ಸುಮಾರು ಆರು ವಾರ! 1917ರ ಕದನದ ಗದ್ದಲದಲ್ಲಿ ಹಸ್ತಪ್ರತಿಯೂ ಕಳೆದುಹೋಯಿತು. ತಿಂಗಳುಗಳ ತರುವಾಯ ಅದು ಬೆಲ್ಜಿಯಮ್ಮಿನಲ್ಲಿ ಕಲ್ಲಿದ್ದಲ ರಾಶಿಯ ಕೆಳಗೆ ಸಿಕ್ಕಿತು.

ಇಷ್ಟಾಗಿಯೂ ಫಲ ತಪ್ಪಾಗಿತ್ತು. ಒತ್ತಡವು 145 ಮಿಲಿಬಾರಿನಷ್ಟು ಏರುವುದೆಂದು ಲೆಕ್ಕ ಹೇಳಿತು. ನಿಜದಲ್ಲಿ ಅದು ಬಹುಮಟ್ಟಿಗೆ ಬದಲಾಗಿರಲಿಲ್ಲ. ವಿಧಾನವು ಸರಿಯಿದ್ದರೂ, ಆರಂಭದ ಗಾಳಿ ಮತ್ತು ಒತ್ತಡದ ಅಂಕಿಗಳು ಒಂದಕ್ಕೊಂದು ಹೊಂದಿರಲಿಲ್ಲ. ರಿಚರ್ಡ್‌ಸನ್ನರು ತಪ್ಪನ್ನು ಮರೆಮಾಚಲಿಲ್ಲ. 1922ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಸೋತ ಲೆಕ್ಕವನ್ನೇ ಸಂಪೂರ್ಣವಾಗಿ ಅಚ್ಚು ಹಾಕಿಸಿದರು. ವಿಶಾಲವಾದ ಸಭಾಂಗಣದಲ್ಲಿ 64,000 ಜನರು ಕುಳಿತು ಲೋಕದ ಹವೆಯನ್ನು ಗಣಿಸುವ ದೃಶ್ಯವನ್ನೂ ಅದರಲ್ಲಿ ಕಲ್ಪಿಸಿದರು. ಅದಕ್ಕೆ ಮುಂಚೆಯೇ, 1920ರಲ್ಲಿ, ಹವಾಮಾನ ಇಲಾಖೆಯು ವಾಯುಪಡೆಯ ಸಚಿವಾಲಯಕ್ಕೆ ಸೇರಿದಾಗ, ಮನಸ್ಸಾಕ್ಷಿಗೆ ಓಗೊಟ್ಟು ಮರಳಿ ಪಡೆದಿದ್ದ ಹುದ್ದೆಯನ್ನು ತ್ಯಜಿಸಿದ್ದರು. ಮುಂದೆ ಯುದ್ಧದ ಕಾರಣಗಳನ್ನೇ ಗಣಿತದಿಂದ ಅಭ್ಯಸಿಸಿದರು.

1950ರಲ್ಲಿ ಅಮೆರಿಕದ ಎನಿಯಾಕ್ ಗಣಕಯಂತ್ರವು ಅವರ ಹಾದಿಯಲ್ಲಿ ಹವೆಯ ಮುನ್ಸೂಚನೆಯನ್ನು ಸಾಧಿಸಿತು. ಅದನ್ನು ಕಂಡು ಸಂತೋಷಪಟ್ಟ ರಿಚರ್ಡ್‌ಸನ್ನರು 1953ರ ಸೆಪ್ಟೆಂಬರ್ 30ರಂದು ನಿಧನರಾದರು. 1986ರಲ್ಲಿ ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದಲ್ಲಿ ಸಿದ್ಧವಾದ ಫ್ಲೋಸಾಲ್ವರ್ ಯಂತ್ರದಲ್ಲಿ, ಹಲವು ಗಣಕಗಳು ಒಂದೇ ಲೆಕ್ಕವನ್ನು ಹಂಚಿಕೊಂಡು ಮಾಡತೊಡಗಿದವು. ರಿಚರ್ಡ್‌ಸನ್ನರ ಸಭಾಂಗಣದ ತತ್ತ್ವವೂ ಇದೇ.

ಇಂದು ವಿಜ್ಞಾನಿಗಳು ಸೂತ್ರಗಳನ್ನು ಫೋರ್ಟ್ರಾನಿನಂತಹ ಭಾಷೆಯಲ್ಲಿ ಬರೆದು, ಯಂತ್ರದ ಭಾಷೆಗೆ ಪರಿವರ್ತಿಸಿ ನಡೆಸುತ್ತಾರೆ. ಒಂದು ಜಾಲದ ಚೌಕಗಳ ಅಂಕಿಗಳನ್ನು ಮತ್ತೊಂದು ಜಾಲಕ್ಕೆ ಸಾಗಿಸುವಾಗ, ಒಂದರ ಮೇಲೊಂದು ಆವರಿಸುವ ಕ್ಷೇತ್ರಕ್ಕೆ ತಕ್ಕಂತೆ ಪಾಲು ಹಾಕುತ್ತಾರೆ. ಚೌಕದ ಬದಿ 100 ಕಿಲೋಮೀಟರಾದರೆ ಬಸವಕಲ್ಯಾಣ, ಹುಮನಾಬಾದುಗಳೆರಡೂ ಒಂದೇ ಚೌಕದಲ್ಲಿ ಅಡಗಿ, ಎರಡಕ್ಕೂ ಒಂದೇ ಮಳೆಯ ಅಂಕಿ ಬರಬಹುದು. ಬದಿಯನ್ನು ಅರ್ಧ ಮಾಡಿದರೆ ಚೌಕಗಳು ನಾಲ್ಕು ಪಟ್ಟಾಗುತ್ತವೆ. ಕಾಲದ ಹೆಜ್ಜೆಯನ್ನೂ ಅರ್ಧಕ್ಕಿಳಿಸಬೇಕಾದುದರಿಂದ ಶ್ರಮ ಎಂಟು ಪಟ್ಟಾಗುತ್ತದೆ. ಆದರೂ ವಿಜ್ಞಾನಿಗಳು ಚೌಕಗಳನ್ನು ಕಿರಿದುಗೊಳಿಸುತ್ತಲೇ ಇದ್ದಾರೆ. ಎರಡೂರುಗಳ ರೈತರಿಗೂ ತಮ್ಮ ತಮ್ಮ ಹೊಲದ ಮಳೆ ತಿಳಿಯಬೇಕಲ್ಲವೆ? ಸೋಲನ್ನು ಮುಚ್ಚಿಡದ ಒಬ್ಬ ಸತ್ಯವಂತನು ಈ ದಾರಿಯನ್ನು ತೆರೆದನೆಂಬುದನ್ನು ನಾವು ಮರೆಯಲಾಗದು.