ಶ್ರೀ ಜಯಚಾಮರಾಜೇಂದ್ರ ಒಡೆಯರವರ ನಾದೋಪಾಸನೆ

ವಿದ್ಯೆಯನ್ನು ಎಳೆವೆಯಲ್ಲಿಯೇ ಕಲಿಯತಕ್ಕದ್ದೆಂಬುದು ಲೋಕದ ವಾಡಿಕೆ. ಆದರೆ ಪ್ರಾಯಪ್ರಬುದ್ಧರಾದ ಮೇಲೆ ವಿದ್ಯೆಯೊಂದಕ್ಕೆ ಮನಸೋತು, ಗುರುವಿನ ಮುಂದೆ ಕುಳಿತು ಸಿದ್ಧಿಯನ್ನು ಪಡೆದವರೂ ಉಂಟು. ಮೈಸೂರು ಸಂಸ್ಥಾನದ ಕಡೆಯ ಪ್ರಭುಗಳಾದ ಶ್ರೀ ಜಯಚಾಮರಾಜೇಂದ್ರ ಒಡೆಯರವರು ಅಂಥವರಲ್ಲೊಬ್ಬರು. ಬೆಂಗಳೂರಿನ ಉಪ್ಪಾರಪೇಟೆಯಿಂದ ದಕ್ಷಿಣದ ಕಡೆಗೆ ಹೊರಟು ಪುರಭವನವನ್ನು ಸೇರಿದರೆ, ಅಲ್ಲಿಂದ ಮುಂದಕ್ಕೆ ಸಾಗುವ ರಾಜಮಾರ್ಗವು ಅವರ ನಾಮಧೇಯವನ್ನೇ ಹೊತ್ತಿದೆ. ಆ ಹೆಸರನ್ನು ನಿತ್ಯವೂ ನುಡಿಯುವವರಲ್ಲಿ ಅವರ ಸಂಗೀತಸಾಧನೆಯನ್ನು ಬಲ್ಲವರು ವಿರಳ.

1919ನೆಯ ಇಸವಿ ಜುಲೈ 18ರಂದು ಯುವರಾಜ ಕಂಠೀರವ ನರಸಿಂಹರಾಜ ಒಡೆಯರವರ ಪುತ್ರರಾಗಿ ಜನಿಸಿದ ಇವರಿಗೆ ತಾರುಣ್ಯದಲ್ಲಿ ಒಲವಿದ್ದುದು ಪಾಶ್ಚಾತ್ಯ ಸಂಗೀತದಲ್ಲಿ. ಪಿಯಾನೋ ವಾದನದಲ್ಲಿ ಬಹುವಾಗಿ ಪರಿಶ್ರಮಿಸಿ, ಸಭೆಗಳಲ್ಲಿ ನುಡಿಸುವ ಕಲಾವಿದರಾಗಬೇಕೆಂದು ಹಂಬಲಿಸಿದ್ದರು. 1940ರ ಮಾರ್ಚಿಯಲ್ಲಿ ತಂದೆಯವರೂ ಆಗಸ್ಟಿನಲ್ಲಿ ದೊಡ್ಡಪ್ಪನವರಾದ ನಾಲ್ವಡಿ ಕೃಷ್ಣರಾಜ ಒಡೆಯರವರೂ ಕಾಲವಶರಾದರು. 21ರ ಪ್ರಾಯದಲ್ಲಿಯೇ ರಾಜ್ಯಭಾರವು ಹೆಗಲಿಗೇರಲಾಗಿ ಆ ಹಂಬಲವು ಈಡೇರದೆ ಉಳಿಯಿತು. ಆದರೂ ಅಭ್ಯಾಸವನ್ನು ಬಿಡದೆ, 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತಶಾಲೆಯ ಪದವಿಯನ್ನು ಪಡೆದರು.

ಕರ್ಣಾಟಕ ಸಂಗೀತವು ಅರಮನೆಗೆ ಹೊಸತಲ್ಲ. ಆದರೆ ಕಿವಿಗೆ ಬೀಳುವುದು ಬೇರೆ, ಮನವಿಟ್ಟು ಆಲಿಸುವುದು ಬೇರೆ. ಪಿಯಾನೋವಿನಲ್ಲಿ ಸ್ವರಗಳು ಮೊದಲೇ ನೆಲೆಗೊಂಡಿರುತ್ತವೆ. ಹಲವು ಸ್ವರಗಳನ್ನು ಏಕಕಾಲದಲ್ಲಿ ಕೂಡಿಸುವುದರಲ್ಲಿ ಅದರ ಸೊಗಸು. ನಮ್ಮ ವೀಣೆಯಲ್ಲಾದರೋ ತಂತಿಯನ್ನು ಎಳೆದು, ಒಂದೇ ಸ್ವರವನ್ನು ಗಮಕದಿಂದ ಆಂದೋಲಿಸಿ, ರಾಗದ ಜೀವವನ್ನು ತೋರಬೇಕು. ಒಂದು ಪದ್ಧತಿಯಲ್ಲಿ ಪಳಗಿದ ಕಿವಿಯು ಇನ್ನೊಂದನ್ನು ಸವಿಯಬೇಕಾದರೆ, ಬಲ್ಲೆನೆಂಬ ಭಾವವನ್ನು ತೊರೆಯಲೇಬೇಕು.

ಮಹಾರಾಜರು ಅದನ್ನು ತೊರೆದರು. ತಮ್ಮ ಆಸ್ಥಾನವನ್ನೇ ಆಶ್ರಯಿಸಿದ್ದ ವಿದ್ವಾಂಸರಿಗೆ ತಾವು ಶಿಷ್ಯರಾದರು. ವೀಣೆಯನ್ನು ವಿದ್ವಾನ್ ವೆಂಕಟಗಿರಿಯಪ್ಪನವರಲ್ಲಿ ಕಲಿತರು. ಸಂಗೀತದ ಮರ್ಮವನ್ನು 1865ರಲ್ಲಿ ಜನಿಸಿದ ವಯೋವೃದ್ಧರಾದ ವಾಸುದೇವಾಚಾರ್ಯರಿಂದ ತಿಳಿದರು. ಶಿಲ್ಪಿ ಸಿದ್ಧಲಿಂಗಸ್ವಾಮಿಗಳವರು ಅವರಿಗೆ ಶ್ರೀವಿದ್ಯೆಯ ಉಪದೇಶವನ್ನು ಅನುಗ್ರಹಿಸಿದರು. ಆಜ್ಞೆಯನ್ನೀಯುವವರು ಆಜ್ಞಾಧಾರಕರಾಗಿ ಕುಳಿತ ಆ ವಿನಯವೇ ಫಲಿಸಿ, ರಸಿಕರು ವಾಗ್ಗೇಯಕಾರರಾದರು. ಶ್ರೀವಿದ್ಯಾ ಎಂಬ ಅಂಕಿತದಿಂದ ಸಂಸ್ಕೃತದಲ್ಲಿ ಅವರು ರಚಿಸಿದ ಕೃತಿಗಳು 94. ಅವುಗಳಲ್ಲಿ ಅಪರೂಪವಾದ ರಾಗಗಳೂ ಬಹಳ. ಸಂಸ್ಥಾನದ ಪ್ರಭುತ್ವವೇ ಕೊನೆಗಾಣುತ್ತಿದ್ದ ಆ ದಶಕದಲ್ಲಿ, ಕಾಲವು ಕಸಿಯಲಾರದ ಸಂಪತ್ತನ್ನು ಅವರು ಹೀಗೆ ಗಳಿಸಿದರು.

ಹೊಸ ಒಲವಿಗಾಗಿ ಹಳೆಯದನ್ನು ಅವರು ತಿರಸ್ಕರಿಸಲಿಲ್ಲ. ಇಂಗ್ಲೆಂಡಿನಲ್ಲಿ ನೆಲೆಸಿದ್ದ ರಷ್ಯಾ ದೇಶದ ಮೆಟ್ನರ್ ಎಂಬ ಸಂಗೀತರಚನಕಾರರ ಕೃತಿಗಳು ಧ್ವನಿಮುದ್ರಿತವಾಗುವಂತೆ ದ್ರವ್ಯಸಹಾಯವಿತ್ತರು. ಆ ವೃದ್ಧರು ತಮ್ಮ ಮೂರನೆಯ ಪಿಯಾನೋ ಕನ್ಚರ್ಟೋವನ್ನು ಮಹಾರಾಜರಿಗೇ ಅರ್ಪಿಸಿದರು. ಜರ್ಮನಿಯ ರಿಚರ್ಡ್ ಸ್ಟ್ರೌಸರ ಅಂತಿಮ ಗೀತೆಗಳು 1950ರ ಮೇ 22ರಂದು ಲಂಡನ್ನಿನಲ್ಲಿ ಮೊದಲಬಾರಿಗೆ ಹಾಡಲ್ಪಟ್ಟುದೂ ಇವರ ನೆರವಿನಿಂದಲೇ.

ಮುಂದೆ ಮೈಸೂರು ರಾಜ್ಯಕ್ಕೂ ಬಳಿಕ ಮದರಾಸಿಗೂ ರಾಜ್ಯಪಾಲರಾಗಿ ಸೇವೆ ಸಲ್ಲಿಸಿ, 1974ರ ಸೆಪ್ಟೆಂಬರ್ 23ರಂದು ಬೆಂಗಳೂರಿನಲ್ಲಿ ದೇಹವನ್ನು ಬಿಟ್ಟರು. ಸಿಂಹಾಸನವು ಅವರಿಗೆ ಪಿತ್ರಾರ್ಜಿತವಾಗಿ ಬಂದುದು. ನಾದವಿದ್ಯೆಯಾದರೋ ಬೇಡಿ ಪಡೆದುದು. ವಯಸ್ಸು ಮೀರಿತೆಂದು ಹಿಂಜರಿಯುವ ಸದ್ಭಕ್ತರು ಈ ಚರಿತ್ರೆಯನ್ನು ನೆನೆಯಲಿ. ಕೇಳುವ ಕಿವಿಯೂ ಬಾಗುವ ತಲೆಯೂ ಇದ್ದಲ್ಲಿ ಗುರುಕಾರುಣ್ಯಕ್ಕೆ ಕಾಲಮಿತಿಯಿಲ್ಲ.