ಸಹಿ ಹಾಕದ ಜನರಲ್

ಚುನಾವಣೆಯಲ್ಲಿ ಯಾರಿಗೂ ಬಹುಮತ ಬರದಿದ್ದಾಗ ಟಿವಿಯವರೆಲ್ಲ ರಾಜ್ಯಪಾಲರ ಬಂಗಲೆ ಮುಂದೆ ನಿಲ್ಲೋದನ್ನ ನಾವೆಲ್ಲ ನೋಡಿದ್ದೀವಿ. ಉಳಿದ ದಿನಗಳಲ್ಲಿ ಅವರ ಕೆಲಸ ಸಹಿ ಹಾಕೋದು ಅಷ್ಟೇ ಅಂತ ಅಂದುಕೊಂಡಿರ್ತೀವಿ. ಹಾಗಾದ್ರೆ ಸಹಿ ಹಾಕಲ್ಲ ಅನ್ನೋ ಅಧಿಕಾರ ಅವರಿಗೆ ಇದೆಯಾ? 1926ರಲ್ಲಿ ಕೆನಡಾದಲ್ಲಿ ಈ ಪ್ರಶ್ನೆ ಒಬ್ಬ ಹಳೇ ಸೈನಿಕನ ಮುಂದೆ ಬಂತು. ಅವರು ಜೂಲಿಯನ್ ಬಿಂಗ್.

ಬಿಂಗ್ ಹುಟ್ಟಿದ್ದು 1862ರಲ್ಲಿ, ಇಂಗ್ಲೆಂಡಿನ ಒಂದು ಜಮೀನ್ದಾರಿ ಮನೆತನದಲ್ಲಿ. ಹದಿಮೂರು ಮಕ್ಕಳಲ್ಲಿ ಕೊನೆಯವರು. ಹೆಸರಾಂತ ಈಟನ್ ಶಾಲೆಗೆ ಸೇರಿದರೂ ಓದಿನಲ್ಲಿ ಅಷ್ಟಕ್ಕಷ್ಟೇ. 1883ರಲ್ಲಿ ಸೈನ್ಯ ಸೇರಿದಾಗ ಅವರ ಅಶ್ವದಳ ಇದ್ದದ್ದು ನಮ್ಮ ಲಕ್ನೋದಲ್ಲಿ. ಆಮೇಲೆ ಸುಡಾನ್, ದಕ್ಷಿಣ ಆಫ್ರಿಕಾ ಅಂತ ಯುದ್ಧದಿಂದ ಯುದ್ಧಕ್ಕೆ ಹೋದರು.

ಹೆಸರು ಬಂದದ್ದು ಮೊದಲ ಮಹಾಯುದ್ಧದಲ್ಲಿ. 1916ರಲ್ಲಿ ಕೆನಡಾದ ಸೈನಿಕರ ಹೊಣೆ ಅವರಿಗೆ ಸಿಕ್ಕಿತು. ಫ್ರಾನ್ಸಿನ ವಿಮಿ ಗುಡ್ಡವನ್ನು ಜರ್ಮನರಿಂದ ಕಿತ್ಕೊಳ್ಳಬೇಕಿತ್ತು. ಬಿಂಗ್ ದಾಳಿಗೆ ಮುಂಚೆ ಸೈನಿಕರಿಗೆ ಮತ್ತೆ ಮತ್ತೆ ತಾಲೀಮು ಮಾಡಿಸಿದರು. ಅಧಿಕಾರಿಗಳ ಹತ್ತಿರ ಮಾತ್ರ ಇರುತ್ತಿದ್ದ ನಕ್ಷೆಗಳನ್ನು ಸಾಮಾನ್ಯ ಸೈನಿಕರಿಗೂ ಕೊಟ್ಟರು. ಅಧಿಕಾರಿ ಸತ್ತರೂ ಮುಂದೇನು ಅಂತ ಪ್ರತಿಯೊಬ್ಬನಿಗೂ ಗೊತ್ತಿರಲಿ ಅನ್ನೋದು ಲೆಕ್ಕ. 1917ರ ಏಪ್ರಿಲ್‌ನಲ್ಲಿ ನಾಲ್ಕು ದಿನದಲ್ಲಿ ಗುಡ್ಡ ಕೈಗೆ ಬಂತು. ಆದರೆ 3,598 ಕೆನಡಿಯನ್ನರು ಸತ್ತರು.

1921ರಲ್ಲಿ ಅವರು ಕೆನಡಾದ ಗವರ್ನರ್ ಜನರಲ್ ಆದರು. ಅಂದರೆ ಲಂಡನ್‌ನಲ್ಲಿರುವ ರಾಜನ ಪ್ರತಿನಿಧಿ. ಕಾನೂನು, ಆದೇಶ ಎಲ್ಲದಕ್ಕೂ ಅವರ ಸಹಿ ಬೇಕು, ಆದರೆ ಚುನಾಯಿತ ಪ್ರಧಾನಿ ಹೇಳಿದ ಹಾಗೆ ನಡೀಬೇಕು.

1925ರ ಚುನಾವಣೆಯಲ್ಲಿ 245 ಸೀಟುಗಳ ಸಂಸತ್ತಿನಲ್ಲಿ ಯಾರಿಗೂ ಬಹುಮತ ಬರಲಿಲ್ಲ. ಹೆಚ್ಚು ಸೀಟು ಗೆದ್ದದ್ದು ಆರ್ಥರ್ ಮೀಗನ್ ಅವರ ಪಕ್ಷ. ಆದರೂ ಪ್ರಧಾನಿ ಮೆಕೆಂಜಿ ಕಿಂಗ್ (ಹೆಸರಲ್ಲಿ ಮಾತ್ರ ಕಿಂಗ್) ಸಣ್ಣ ಪಕ್ಷಗಳ ಬೆಂಬಲದಿಂದ ಮುಂದುವರಿದರು. 1926ರಲ್ಲಿ ಕಸ್ಟಮ್ಸ್ ಇಲಾಖೆಯ ಭ್ರಷ್ಟಾಚಾರ ಹೊರಬಂತು. ಸದನದಲ್ಲಿ ಸೋಲು ಹತ್ತಿರ ಬರ್ತಿದ್ದ ಹಾಗೇ ಕಿಂಗ್, ಸಂಸತ್ತು ವಿಸರ್ಜಿಸಿ ಅಂತ ಬಿಂಗ್ ಅವರನ್ನು ಕೇಳಿದರು. ಬಿಂಗ್ ಒಪ್ಪಲಿಲ್ಲ. ಚುನಾವಣೆ ಆಗಿ ಒಂದು ವರ್ಷ ಕೂಡ ಆಗಿಲ್ಲ, ಮೊದಲು ಮೀಗನ್‌ಗೆ ಅವಕಾಶ ಸಿಗಬೇಕು ಅನ್ನೋದು ಅವರ ನಿಲುವು. ಲಂಡನ್ ಸರ್ಕಾರವನ್ನಾದರೂ ಕೇಳಿ ಅಂದರು ಕಿಂಗ್. ಅದಕ್ಕೂ ಇಲ್ಲ. ಕೆನಡಾಕ್ಕೆ ಸ್ವಾತಂತ್ರ್ಯ ಬೇಕು ಅನ್ನುತ್ತಿದ್ದ ನಾಯಕ ಲಂಡನ್ ಕಡೆ ನೋಡಿದರು. ಇಂಗ್ಲೆಂಡಿನಿಂದ ಬಂದವರು, ಇದು ಕೆನಡಾದಲ್ಲೇ ತೀರ್ಮಾನ ಆಗಬೇಕು ಅಂದರು.

ಕಿಂಗ್ ರಾಜೀನಾಮೆ ಕೊಟ್ಟರು. ಮೀಗನ್ ಪ್ರಧಾನಿಯಾದರು, ಕೆಲವೇ ದಿನದಲ್ಲಿ ಒಂದೇ ಒಂದು ಮತದಿಂದ ಸೋತರು. ಈಗ ಅವರೂ ವಿಸರ್ಜನೆ ಕೇಳಿದರು, ಬಿಂಗ್ ಕೊಟ್ಟರು. ಒಬ್ಬರಿಗೆ ಕೊಡದೇ ಇದ್ದದ್ದನ್ನ ಇನ್ನೊಬ್ಬರಿಗೆ ಕೊಟ್ಟ ಹಾಗಾಯ್ತು. ಕಿಂಗ್ ಇದನ್ನೇ ಪ್ರಚಾರದಲ್ಲಿ ಹಿಡಿದರು. ರಾಜನ ಪ್ರತಿನಿಧಿ ವೇದಿಕೆ ಹತ್ತಿ ಉತ್ತರ ಕೊಡೋ ಹಾಗಿಲ್ಲ. ಸೆಪ್ಟೆಂಬರ್‌ನಲ್ಲಿ ಕಿಂಗ್ ಗೆದ್ದರು, ಬಿಂಗ್ ಅವಧಿ ಮುಗಿಸಿ ಊರಿಗೆ ಹೋದರು. ಅದೇ ವರ್ಷದ ಕೊನೆಗೆ ಲಂಡನ್ ಸಮ್ಮೇಳನವೊಂದು, ಗವರ್ನರ್ ಜನರಲ್ ರಾಜನ ಪ್ರತಿನಿಧಿಯೇ ಹೊರತು ಬ್ರಿಟಿಷ್ ಸರ್ಕಾರದ ಏಜೆಂಟ್ ಅಲ್ಲ ಅಂತ ಸ್ಪಷ್ಟ ಮಾಡಿತು. ಮುಂದೆ ಲಂಡನ್ ಪೊಲೀಸ್ ಮುಖ್ಯಸ್ಥರಾಗಿದ್ದ ಬಿಂಗ್ 1935ರಲ್ಲಿ ತೀರಿಕೊಂಡರು.

ಬಿಂಗ್ ಮಾಡಿದ್ದು ಸರಿಯಾ ಅಂತ ಇವತ್ತಿಗೂ ವಾದ ಇದೆ. ನನಗೆ ಸರಿ ಅನ್ಸುತ್ತೆ. ಪ್ರಧಾನಿಯ ಮಾತಿಗೆ ತೂಕ ಬರೋದು ಸದನ ಅವರ ಹಿಂದೆ ಇರೋದರಿಂದ. ಆ ಸದನದ ಮತದಿಂದಲೇ ತಪ್ಪಿಸ್ಕೊಳ್ಳೋಕೆ ಸಲಹೆ ಕೊಟ್ಟರೆ ಪ್ರತಿನಿಧಿ ಯಾಕೆ ಕೇಳಬೇಕು? ನಮ್ಮ ರಾಜ್ಯಪಾಲರು ರಾಜನ ಪ್ರತಿನಿಧಿಗಳಲ್ಲ, ಆದರೂ ಪ್ರಶ್ನೆ ಇಲ್ಲಿಗೂ ಬಂತು. 1989ರಲ್ಲಿ ಕರ್ನಾಟಕದಲ್ಲಿ ಎಸ್. ಆರ್. ಬೊಮ್ಮಾಯಿ ಸರ್ಕಾರವನ್ನು ಸದನದಲ್ಲಿ ಬಹುಮತ ತೋರಿಸೋಕೆ ಬಿಡದೆ ವಜಾ ಮಾಡಿದರು. ಬಹುಮತ ಎಣಿಸೋ ಜಾಗ ಸದನವೇ ಹೊರತು ರಾಜ್ಯಪಾಲರ ಬಂಗಲೆ ಅಲ್ಲ ಅಂತ ಸುಪ್ರೀಂ ಕೋರ್ಟ್ ಹೇಳೋ ಹೊತ್ತಿಗೆ 1994 ಆಗಿತ್ತು.