ಸಂಗೊಳ್ಳಿ ರಾಯಣ್ಣ

ಬೆಳಗಾವಿ ಜಿಲ್ಲೆಯಲ್ಲಿ ಮಲಪ್ರಭಾ ನದಿಯ ಬಳಿ ಸಂಗೊಳ್ಳಿ ಎಂಬ ಊರಿದೆ. ರಾಯಣ್ಣನದು ಆ ಊರಿನ ಶೇತಸನದಿಯ ಮನೆತನ. ಊರಿನ ಕಾವಲು ಕಾಯ್ದು, ಅರಸರು ಕರೆದಾಗ ಆಯುಧ ಹಿಡಿದು ಹೋಗುವುದು ಶೇತಸನದಿಗಳ ಕರ್ತವ್ಯ. ಈ ಸೇವೆಗಾಗಿ ಕಿತ್ತೂರು ಸಂಸ್ಥಾನವು ಅವರಿಗೆ ಭೂಮಿಯನ್ನು ಬಿಟ್ಟುಕೊಟ್ಟಿತ್ತು. ಆ ಭೂಮಿಯೇ ಅವರಿಗೆ ಅನ್ನ; ಅದೇ ಅವರ ಮಾನ.

1824ರಲ್ಲಿ ಕಿತ್ತೂರಿನ ದೊರೆ ತೀರಿಕೊಂಡನು. ದತ್ತುಪುತ್ರನಾದ ಶಿವಲಿಂಗಪ್ಪನ ಹಕ್ಕನ್ನು ಈಸ್ಟ್ ಇಂಡಿಯಾ ಕಂಪನಿ ಒಪ್ಪಲಿಲ್ಲ. ಅಕ್ಟೋಬರ್ ತಿಂಗಳಲ್ಲಿ ನಡೆದ ಕಾಳಗದಲ್ಲಿ ಕಲೆಕ್ಟರ್ ಥ್ಯಾಕರೆ ಮಡಿದನಾದರೂ ಡಿಸೆಂಬರಿನಲ್ಲಿ ಕೋಟೆ ಬಿದ್ದಿತು. ರಾಣಿ ಚೆನ್ನಮ್ಮ ಬೈಲಹೊಂಗಲದಲ್ಲಿ ಸೆರೆಯಾದಳು. 1829ರಲ್ಲಿ ಅಲ್ಲಿಯೇ ಕಣ್ಣುಮುಚ್ಚಿದಳು. ಶೇತಸನದಿಗಳ ಭೂಮಿಗೆ ಹೊಸ ಸರ್ಕಾರ ಕೈಹಾಕಿತು. ಕೆಲವರ ಹೊಲಗಳು ಹೋದವು, ಉಳಿದವುಗಳ ಮೇಲೆ ಕಂದಾಯ ಏರಿತು. ರಾಯಣ್ಣನ ಹೊಲಕ್ಕೂ ಈ ಗತಿ ತಪ್ಪಲಿಲ್ಲ.

ಶಿವಲಿಂಗಪ್ಪನನ್ನು ಗದ್ದುಗೆಯ ಮೇಲೆ ಕೂರಿಸುವ ಸಂಕಲ್ಪದಿಂದ ರಾಯಣ್ಣ ಕಾಡು ಸೇರಿದನು. ಆತನ ದಂಡಿನಲ್ಲಿ ಸಂಬಳದ ಸಿಪಾಯಿಗಳಿರಲಿಲ್ಲ. ಭೂಮಿ ಕಳೆದುಕೊಂಡವರು, ಕಿತ್ತೂರಿನ ಹಳೆಯ ಕಾಲಾಳುಗಳು ಇದ್ದರು. ಬೀಡಿಯ ಕಚೇರಿಗೆ ಬೆಂಕಿ ಬಿದ್ದಿತು. ಸರ್ಕಾರದ ಖಜಾನೆಗಳ ಮೇಲೆ ದಾಳಿಗಳು ನಡೆದವು. ಕಚೇರಿ ಉರಿಯುವುದೆಂದರೆ ಕಂದಾಯದ ಕಾಗದಪತ್ರಗಳೂ ಉರಿಯುವುದೆಂಬುದು ರೈತರಿಗೆ ಚೆನ್ನಾಗಿ ಗೊತ್ತಿತ್ತು.

ಕಂಪನಿಯ ಕಾನೂನಿನ ಪ್ರಕಾರ ಇವೆಲ್ಲ ಅಪರಾಧಗಳೇ. ಕಚೇರಿ ಸುಡುವುದು, ಹಣ ದೋಚುವುದು ಯಾವ ಸರ್ಕಾರಕ್ಕೂ ಸಹ್ಯವಲ್ಲ. ಆದರೆ ಆ ಕಾನೂನು ಮಾಡಿದವರು ಯಾರು, ಯಾರ ಭೂಮಿಯನ್ನು ಕಿತ್ತುಕೊಂಡು ಮಾಡಿದರು ಎಂಬ ಪ್ರಶ್ನೆ ಹಳ್ಳಿಗರ ಮನಸ್ಸಿನಲ್ಲಿತ್ತು. ದಾರಿದೋಚುವ ಕಳ್ಳನಿಗೆ ಊರವರು ಬಾಗಿಲು ಮುಚ್ಚುತ್ತಾರೆ. ರಾಯಣ್ಣನ ದಂಡಿಗಾದರೋ ಹಳ್ಳಿಗಳಿಂದ ಅನ್ನವೂ ಸುದ್ದಿಯೂ ಸಲ್ಲುತ್ತಿದ್ದವು. ಗುಡ್ಡಗಾಡಿನ ಮರೆಯಿಂದ ಬಂದೆರಗಿ ಮರೆಯಾಗುವ ಈ ಯುದ್ಧದಲ್ಲಿ ಕಂಪನಿಯ ಸೈನ್ಯ ಆತನನ್ನು ಸೋಲಿಸಲಾರದೆ ಹೋಯಿತು.

ಕೊನೆಗೆ ಸರ್ಕಾರ ಮೋಸದ ಹಾದಿ ಹಿಡಿಯಿತು. ನಂಬಿಗಸ್ತರಂತೆ ನಟಿಸಿ ದಂಡಿನೊಳಗೆ ಸೇರಿದವರೇ 1830ರ ಏಪ್ರಿಲ್‌ನಲ್ಲಿ, ಆತನು ಹಳ್ಳದಲ್ಲಿ ಸ್ನಾನಕ್ಕಿಳಿದಾಗ, ಹಿಡಿದುಕೊಟ್ಟರು. ಕೈಗೆಟುಕುವಂತೆ ಕತ್ತಿಯಿರಲಿಲ್ಲ. ವಿಚಾರಣೆ ನಡೆದು ಮರಣದಂಡನೆಯಾಯಿತು. 1831ರ ಜನವರಿ 26ರಂದು ನಂದಗಡದಲ್ಲಿ ಆತನನ್ನು ಗಲ್ಲಿಗೇರಿಸಿದರು. ಮುಂದೆ ಭಾರತವು ಗಣರಾಜ್ಯವಾದ ದಿನವೂ ಅದೇ ತಾರೀಖಿಗೆ ಬಂದುದು ಕೇವಲ ಆಕಸ್ಮಿಕ; ಆದರೂ ಆ ಸೀಮೆಯವರು ಅದನ್ನು ಮರೆಯುವುದಿಲ್ಲ.

ಸರ್ಕಾರ ಶಿಕ್ಷಿಸಿದವನನ್ನು ಲಾವಣಿಕಾರರು ಹಾಡಿ ಉಳಿಸಿದರು. ಬರೆದವರ ದಾಖಲೆಗಳು ಕಪಾಟುಗಳಲ್ಲಿದ್ದರೆ, ಹಾಡಿದವರ ಮಾತು ಜಾತ್ರೆಯಿಂದ ಜಾತ್ರೆಗೆ ನಡೆಯಿತು. 2016ರಲ್ಲಿ ಬೆಂಗಳೂರು ನಗರದ ಮುಖ್ಯ ರೈಲು ನಿಲ್ದಾಣಕ್ಕೆ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣನ ಹೆಸರನ್ನಿಡಲಾಯಿತು. ನಂದಗಡದಲ್ಲಿ ಆತನ ಸಮಾಧಿಯ ಬಳಿ ಆಲದ ಮರವಿದೆ. ರಾಯಣ್ಣನಂಥ ಮಗ ಹುಟ್ಟಲೆಂದು ಹರಕೆ ಹೊತ್ತ ಹೆಣ್ಣುಮಕ್ಕಳು ಅದರ ಕೊಂಬೆಗಳಿಗೆ ಪುಟ್ಟ ತೊಟ್ಟಿಲುಗಳನ್ನು ಕಟ್ಟುತ್ತಾರೆ.